ನಲವತ್ತು ಸೆಕೆಂಡಿನ ಇಳಿಜಾರು

ಲಾತೂರಿನಿಂದ ಫೋನು ಬಂದಾಗ ಯೋಗಿತಾ ದಾಳಿಂಬಕ್ಕೆ ದಾರಿ ಒಡೆಯುವ ಫಾಟಾದಲ್ಲಿ, ಚಹಾದಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕ್ಯಾಮೆರಾದ ಚೀಲ, ಕೈಯಲ್ಲಿ ಅರ್ಧ ಕುಡಿದ ಕಪ್ಪು. ಅತ್ತಲಿಂದ ಮಾತಾಡಿದ್ದು ಅವಳ ಚಿತ್ರದಲ್ಲಿ ನಟಿಸಬೇಕಾಗಿದ್ದ ಹೆಂಗಸು. ಹಿಂದಿನ ಸಂಜೆ ಮೆಟ್ಟಿಲಿಳಿಯುವಾಗ ಕಾಲು ಹೊರಳಿದೆ, ಪಾದ ಊದಿದೆ, ನೆಲಕ್ಕೆ ಊರಲಿಕ್ಕಾಗುತ್ತಿಲ್ಲ. ಬೇರೆ ದಿನ ಇಟ್ಟುಕೊಂಡರೆ ಖಂಡಿತ ಬರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ ಆಕೆ ಎರಡು ಸಲ ಕ್ಷಮೆ ಕೇಳಿದಳು. ಕಾಲು ಜೋಪಾನ ಎಂದಷ್ಟೇ ಹೇಳಿ ಯೋಗಿತಾ ಫೋನು ಇಟ್ಟಳು.

ಬೇರೆ ದಿನ ಇರಲಿಲ್ಲ. ಕ್ಯಾಮೆರಾ ಕಾಲೇಜಿನದು. ಮರುದಿನ ಹನ್ನೊಂದು ಗಂಟೆಯೊಳಗೆ ಲಾತೂರಿಗೆ ತಲುಪಬೇಕು, ಮುಂದಿನ ತಂಡದವರು ಕಾಯುತ್ತಿದ್ದರು.

ಯೋಗಿತಾ ದಾಳಿಂಬದವಳೇ, ಕನ್ನಡ ಮರಾಠಿ ಎರಡೂ ನಡೆಯುವ ಗಡಿಯೂರಿನವಳು. ಹೊಲಮನೆಯ ಹುಡುಗಿ. ಲಾತೂರಿನ ಕಾಲೇಜೊಂದರಲ್ಲಿ ಮಾಧ್ಯಮದ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಆ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ನಿಮಿಷದ ಒಂದು ಚಿತ್ರ ಮಾಡಬೇಕಿತ್ತು. ಅವಳದು, ಜಗಳವಾಡಿ ಹನ್ನೆರಡು ವರ್ಷ ತವರಿನಿಂದ ದೂರ ಉಳಿದ ಹೆಂಗಸೊಬ್ಬಳು ಮತ್ತೆ ತವರಿಗೆ ಹೊರಡುವ ಕಥೆ. ಚಿತ್ರದ ಬಹುಪಾಲು ತವರಿನ ಮನೆಯಲ್ಲಿ ನಡೆಯುತ್ತದೆ. ಮನೆಯವರು ಆಕೆಯ ಬಗ್ಗೆ ಮಾತಾಡುತ್ತಾರೆ, ಆಕೆ ಮಾತ್ರ ಕಾಣಿಸುವುದಿಲ್ಲ. ಕೊನೆಗೆ ಒಂದೇ ದೃಶ್ಯದಲ್ಲಿ, ಊರಿನ ಕಡೆಗೆ ಬರುವ ಟಮ್‌ಟಮ್ ಆಟೋದಲ್ಲಿ, ಆಕೆ ನಮಗೆ ಸಿಗುತ್ತಾಳೆ. ಬೇರೆಲ್ಲ ದೃಶ್ಯಗಳೂ ಮುಗಿದಿದ್ದವು. ಉಳಿದದ್ದು ಈ ಟಮ್‌ಟಮ್ಮಿನ ದೃಶ್ಯ, ಮತ್ತು ಈ ದೃಶ್ಯವಿಲ್ಲದೆ ಚಿತ್ರವೇ ಇರಲಿಲ್ಲ.

ಅವಳ ಜೊತೆ ಇಬ್ಬರು ಗೆಳೆಯರು ಬಂದಿದ್ದರು. ಕ್ಯಾಮೆರಾ ಹಿಡಿಯುವ ನಿಲೇಶ ಉದಗೀರದವನು, ಬಟ್ಟೆ ಅಂಗಡಿಯವರ ಮಗ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಧ್ವನಿ ನೋಡಿಕೊಳ್ಳುವ ಮೀನಲ ನಿಲಂಗಾದವಳು, ಮನೆಮಾತು ಮರಾಠಿ. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲು ನಾಚಿಕೆ.

"ಈಗ ಹ್ಯಾಂಗ?" ಎಂದು ನಿಲೇಶ ಕೇಳಿದ.

"ಮೊದಲ ಗಾಡಿದು ನೋಡಮಿ," ಎಂದಳು ಯೋಗಿತಾ. ಅಳು ಬರುವಂತಿದ್ದರೆ ಅವಳು ಯಾವಾಗಲೂ ಮುಂದಿನ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಗಾಡಿ ಭೀಮಶಾನದು. ದಾಳಿಂಬದಿಂದ ಮುರುಮಕ್ಕೆ ದಿನಾ ಸವಾರಿ ಹೊಡೆಯುವ ಶೇರ್ ಆಟೋ. ಎಲ್ಲರ ಬಾಯಲ್ಲಿ ಟಮ್‌ಟಮ್. ಭೀಮಶಾ ಯೋಗಿತಾಳ ಅಪ್ಪನ ಜೊತೆ ಶಾಲೆ ಕಲಿತವನು, ಹಾಗಾಗಿ ಅವಳಿಗೆ ಕಾಕಾ. ಬೆಳಗಿನ ಕಾಲೇಜು ಹುಡುಗರನ್ನು ಬಿಟ್ಟು ಬಂದ ಮೇಲೆ ಗಾಡಿ ಅವಳದು ಎಂದು ಮಾತು ಕೊಟ್ಟಿದ್ದ. ಒಂದೇ ಕರಾರು: ಮೂರಕ್ಕೆ ಮುರುಮದಲ್ಲಿ ಶಾಲೆ ಬಿಡುತ್ತದೆ, ಆ ಮಕ್ಕಳನ್ನು ಅವನೇ ಕರೆತರಬೇಕು, ಎರಡೂಮುಕ್ಕಾಲಿಗೆ ಹೊರಡಲೇಬೇಕು.

"ಪಾವಣೆ ಮೂರಕ ನಾ ಗಾಡಿ ಹೊಡೀತೀನಿ ನೋಡ್ ಯೋಗಿತಾ," ಎಂದ. "ನಿಂದು ಮುಗೀಲಿ, ಬಿಡಲಿ. ಸಣ್ಣ ಹುಡುಗ್ರು ಗೇಟಿನಾಗ ನಿಂತಿರ್ತಾವ."

ಹತ್ತೂವರೆಗೆ ಅವರು ಪರೀಕ್ಷೆಗೆಂದು ಗಾಡಿ ಹತ್ತಿದರು. ಹೆಂಗಸಿನ ಜಾಗದಲ್ಲಿ ಯೋಗಿತಾ ಕೂತಳು. ಭೀಮಶಾನ ಪಕ್ಕದಲ್ಲಿ ನಿಲೇಶ ಹಿಂದುಮುಂದಾಗಿ ಕೂತು ಕ್ಯಾಮೆರಾ ಅವಳ ಕಡೆ ತಿರುಗಿಸಿದ. ಮೀನಲ ಹಿಂದಿನ ಡಿಕ್ಕಿಯಲ್ಲಿ ಮೊಣಕಾಲು ಮಡಚಿಕೊಂಡು ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಗಾಡಿ ಹೊರಟಿತು. ಡೀಸೆಲ್ ಎಂಜಿನ್ನು ತೊಗರಿ ರಾಶಿ ಮಾಡುವ ಮಶೀನಿನ ಹಾಗೆ ಬಡಿದುಕೊಳ್ಳತೊಡಗಿತು. ಯೋಗಿತಾ ತಾನು ಬರೆದ ಮಾತುಗಳನ್ನು ಆಡಿದಳು. ಅರ್ಧ ಕಿಲೋಮೀಟರ್ ಹೋದ ಮೇಲೆ ಮೀನಲ ಹೆಡ್‌ಫೋನ್ ತೆಗೆದು, "ಕಾಹೀಚ ಐಕೂ ಯೇತ ನಾಹೀ," ಎಂದಳು. ಏನೂ ಕೇಳಿಸುತ್ತಿರಲಿಲ್ಲ.

ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುವಂತಿರಲಿಲ್ಲ. ಜಾಗದಲ್ಲಿ ಹಿಡಿದ ಧ್ವನಿಯೇ ಆಗಬೇಕು ಎಂಬುದು ಕಾಲೇಜಿನ ನಿಯಮ. ಗಾಡಿಯನ್ನು ನಿಲ್ಲಿಸಿ ಮಾತಾಡಿಸೋಣವೆಂದರೆ ಹಿಂದಿನ ಹೊಲಗಳು ಓಡುವುದಿಲ್ಲ. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸೋಣವೆಂದರೆ ಆ ಗಾಡಿಯ ಸದ್ದು. ನಿಲೇಶ ಕ್ಯಾಮೆರಾದ ತೆರೆಯಲ್ಲಿ ಈಗಷ್ಟೇ ತೆಗೆದದ್ದನ್ನು ತೋರಿಸಿದ. ಚಿತ್ರ ಗಿಲಕಿಯಂತೆ ಅಲುಗುತ್ತಿತ್ತು.

ಮೂವರೂ ರಸ್ತೆಬದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಭೀಮಶಾ ಸೀಟಿನಿಂದ ಇಳಿಯದೆ ಹಲ್ಲಲ್ಲಿ ಕಡ್ಡಿ ಆಡಿಸುತ್ತ, "ಸಪ್ಪಳ ಬ್ಯಾಡ, ಗಾಡಿ ಓಡಬೇಕು. ಹೌದಲ್ಲ?" ಎಂದು ಕೇಳಿದ.

"ಹೌದ್ರಿ ಕಾಕಾ."

"ಹಂಗಾದ್ರ ಹಳ್ಳದ ಉತಾರಕ ನಡೀರಿ. ನಾ ದಿನಾ ಅಲ್ಲಿ ಎಂಜಿನ್ ಬಂದ್ ಮಾಡಿ ಬಿಡ್ತೀನಿ. ಡೀಸೆಲ್ ಉಳೀತದ. ಗಾಡಿ ತಾನೇ ಹಳ್ಳದ ಪೂಲಿನ ತನಕ ಹೋಗ್ತದ."

ಮುರುಮದ ದಾರಿಯಲ್ಲಿ, ಊರು ದಾಟಿದ ಮೇಲೆ, ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಎರಡೂ ಕಡೆ ತೆನೆ ಹಿಡಿದ ಜೋಳ, ನಡುನಡುವೆ ತೊಗರಿ ಕೊಯ್ದು ಬರಿದಾದ ಹೊಲ. ಅವರು ಅಲ್ಲಿಗೆ ಹೋದರು. ಮೇಲಿನ ತುದಿಯಲ್ಲಿ ಭೀಮಶಾ ಎಂಜಿನ್ ನಿಲ್ಲಿಸಿ ಬ್ರೇಕು ಬಿಟ್ಟ. ಗಾಡಿ ಮೆಲ್ಲಗೆ ಉರುಳಿತು, ಆಮೇಲೆ ಜೋರಾಯಿತು, ಸೇತುವೆಯ ಹತ್ತಿರ ತಾನೇ ನಿಧಾನಿಸಿ ನಿಂತಿತು. ಗಾಲಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಜೋಳದ ಗರಿ ಗಾಳಿಗೆ ಉಜ್ಜುವುದು ಕೂಡ ಕೇಳುತ್ತಿತ್ತು.

ಮೀನಲಳ ಮುಖ ಅರಳಿತು. ನಿಲೇಶ ಮೊಬೈಲು ನೋಡಿ, "ನಲವತ್ತು ಸೆಕೆಂಡ್ ಆಯ್ತು," ಎಂದ.

ಯೋಗಿತಾ ಬರೆದ ಮಾತುಗಳಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಿತ್ತು. ಮೇಲಾಗಿ ಆ ಮಾತುಗಳನ್ನಾಡಲು ಯಾರೂ ಇರಲಿಲ್ಲ.

ಭೀಮಶಾ ಎಂಜಿನ್ ಚಾಲೂ ಮಾಡಿ ಗಾಡಿಯನ್ನು ತಿರುಗಿಸಿ ಮತ್ತೆ ಮೇಲೆ ತಂದಾಗ, ಅಲ್ಲಿ ರಂಭಾಬಾಯಿ ನಿಂತಿದ್ದಳು. ಕೈಯಲ್ಲಿ ವಾಯರ್ ಬುಟ್ಟಿ, ಹಣೆಗೆ ವಿಭೂತಿ, ತಲೆಯ ಮೇಲೆ ಹಸಿರು ಇಲಕಲ್ಲಿನ ಸೆರಗು. ಐವತ್ತೆಂಟರ ಹೆಂಗಸು. ಯೋಗಿತಾಳ ಓಣಿಯಲ್ಲೇ ಮನೆ. ಗಂಡ ಹೋದ ಮೇಲೆ ಮಗನ ಜೊತೆ ತಾನೇ ನಿಂತು ಹೊಲ ಮಾಡಿಸುವವಳು. ಯೋಗಿತಾ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

"ಭೀಮಶಾ, ಏನ್ ನಡದದ ನಿಂದು?" ಎಂದಳು. "ಫಾಟಾದಾಗ ಒಂದು ತಾಸು ನಿಂತೀನಿ. ಗಾಡಿ ಇಲ್ಲ. ನಡಕೋತ ಬಂದ್ರ ನೀ ಇಲ್ಲಿ ಮ್ಯಾಲ ಕೆಳಗ ಆಡ್ಲತ್ತೀದಿ."

"ಸಿನಿಮಾ ತಗೀಲತ್ತಾರ ಅಕ್ಕಾ. ಇವತ್ತ ಸವಾರಿ ಇಲ್ಲ."

"ನಂದು ಬಿಪಿ ಗುಳಗಿ ಮುಗದಾವ. ಮುರುಮಕ ಹೋಗಬೇಕು." ಯಾರನ್ನೂ ಕೇಳದೆ ಆಕೆ ಗಾಡಿ ಹತ್ತಿ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲ ಕಂಬಿಗೆ ಕೈ ಕೊಟ್ಟು ಕೂತಳು. ಮುರುಮ ಬರುವ ತನಕ ಇಳಿಯುವುದಿಲ್ಲ ಎಂಬಂತೆ ಕೂತಳು.

ನಿಲೇಶ ಕ್ಯಾಮೆರಾ ಎತ್ತಿ ಆಕೆಯನ್ನು ಒಂದು ಕ್ಷಣ ನೋಡಿದ. ಆಮೇಲೆ ಯೋಗಿತಾಳನ್ನು ಕರೆದು ಆ ಚಿಕ್ಕ ತೆರೆಯನ್ನು ತೋರಿಸಿದ. ರಂಭಾಬಾಯಿಯ ಮುಖದ ಒಂದು ಬದಿಗೆ ಜೋಳದ ಹೊಲದ ಬೆಳಕು ಬಿದ್ದಿತ್ತು.

ಯೋಗಿತಾ ಹೋಗಿ ಆಕೆಯ ಎದುರು ಕೂತು ಎಲ್ಲವನ್ನೂ ಹೇಳಿದಳು: ಲಾತೂರಿನ ಹೆಂಗಸು, ಊದಿದ ಕಾಲು, ನಾಳೆ ಹನ್ನೊಂದು ಗಂಟೆ. ರಂಭಾಬಾಯಿ ಕೇಳಿಸಿಕೊಂಡಳು.

"ನಂಗ ಸಿನಿಮಾ ಗಿನಿಮಾ ಬರಲ್ಲವಾ."

"ನೀವು ಬರೀ ಗಾಡ್ಯಾಗ ಕೂತು ಹೋಗೋದು ಕಾಕು. ಎರಡು ಮಾತು ಆಡೋದು."

"ಮುರುಮಕ ಯಾವಾಗ ಮುಟ್ಟಸ್ತೀರಿ?"

"ಮೂರರೊಳಗ," ಎಂದ ಭೀಮಶಾ ಮುಂದಿನಿಂದ. "ಹ್ಯಾಂಗೂ ನಾ ಹೋಗಾಂವನೇ ಇದ್ದೀನಿ."

ರಂಭಾಬಾಯಿ ಬುಟ್ಟಿಯನ್ನು ಮಡಿಲಲ್ಲಿ ಸರಿಪಡಿಸಿಕೊಂಡು, "ಗುಳಗಿ ಎಲ್ಲಿ ಓಡಿ ಹೋಗ್ತಾವ," ಎಂದಳು. "ಏನ್ ಆಡಬೇಕು ಹೇಳು."

ಯೋಗಿತಾ ಹಾಳೆಗಳನ್ನು ಕೊಟ್ಟಳು. ಎರಡು ಪುಟ, ಮರಾಠಿಯಲ್ಲಿ. ಮೂರು ತಿಂಗಳು ತಿದ್ದಿ ತಿದ್ದಿ ಬರೆದದ್ದು, ಕಾಲೇಜಿನ ಸರ್ ಅಂಚಿನಲ್ಲಿ ಎರಡು ಕಡೆ ಒಳ್ಳೆಯ ಮಾತು ಬರೆದಿದ್ದರು. ರಂಭಾಬಾಯಿ ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೆಂಗಸು ಚಾಲಕನಿಗೆ ತನ್ನ ಜೀವನವನ್ನು ಹೇಳಿಕೊಳ್ಳುತ್ತಿದ್ದಳು: ಮದುವೆ, ಜಗಳ, ಅಣ್ಣನ ಸಿಟ್ಟು, ತನ್ನ ಒಂಟಿತನ. ಓದಿ ಮುಗಿಯುವಷ್ಟರಲ್ಲಿ ಗಾಡಿ ಉರುಳಿದ್ದರೆ ಮೂರು ಸಲ ಹಳ್ಳ ತಲುಪುತ್ತಿತ್ತು.

ಹಾಳೆಯನ್ನು ಮಡಚಿ ಆಕೆ ಕೇಳಿದಳು, "ಈ ಗಾಡಿಯಂವ ಆಕೀಗಿ ಏನಾಗಬೇಕು?"

"ಏನೂ ಇಲ್ಲ ಕಾಕು. ಗುರ್ತಿಲ್ಲದಂವ."

"ಗುರ್ತಿಲ್ಲದಂವನ ಮುಂದ ಇಷ್ಟೆಲ್ಲಾ ಯಾಕ ಹೇಳ್ತಾಳ? ಊರು ಹತ್ರ ಬಂದಂಗ ಹೆಣ್ಣಮಗಳ ಬಾಯಿ ಒಣಗತದ. ಮಾತು ಬರಲ್ಲ ಆಕೀಗಿ."

ನಿಲೇಶ ಬೇರೆ ಕಡೆ ನೋಡಿದ. ತಾನು ಬರೆದದ್ದನ್ನು ಓಣಿಯ ಹೆಂಗಸೊಬ್ಬಳು ಒಂದೇ ಓದಿಗೆ ತೆಗೆದುಹಾಕಿದ್ದರಿಂದ ಯೋಗಿತಾಳಿಗೆ ನೋವಾಯಿತು. ಹಾಳೆಗಳನ್ನು ವಾಪಸು ಪಡೆದು ಮೊದಲ ಸಾಲನ್ನು ಇನ್ನೊಮ್ಮೆ ಓದಿಕೊಂಡಳು.

"ಮತ್ತ ಏನ್ ಆಡ್ತಾಳ್ರಿ?" ಎಂದಳು ಕೊನೆಗೆ.

"ಹೊರಗ ನೋಡ್ತಾಳ. ಯಾರ ಹೊಲ, ಏನ್ ಬಿತ್ಯಾರ, ಅದೇ ಕೇಳ್ತಾಳ. ಇಲ್ಲೊಂದು ಬಾಂವಿ ಇತ್ತಲ್ಲ, ಇಲ್ಲೊಂದು ಗಿಡ ಇತ್ತಲ್ಲ, ಅಂತಾಳ. ಮತ್ತೇನ್ ಅಂದಾಳು?" ರಂಭಾಬಾಯಿ ಬುಟ್ಟಿಯ ಹಿಡಿಕೆ ತಿರುವಿದಳು. "ನಮ್ಮ ತವರಮನಿ ಜಳಕೋಟ. ನಾ ಹೋಗಿ ಎಂಟು ವರ್ಷ ಆಯ್ತು."

ಇದು ಯೋಗಿತಾಳಿಗೆ ಗೊತ್ತಿರಲಿಲ್ಲ. ರಂಭಾಬಾಯಿ ಊರ ಎಲ್ಲರ ಸುದ್ದಿ ಬಲ್ಲವಳು, ತನ್ನದನ್ನು ಆಡುವವಳಲ್ಲ.

"ಅವ್ವ ಸತ್ತಾಗ ನಂಗ ಸುದ್ದಿ ಮುಟ್ಲಿಲ್ಲ," ಎಂದಳು ಆಕೆ. "ಎಲ್ಲಾ ಆಗಿ ಹೋದಮ್ಯಾಲ, ಮೂರನೇ ದಿನಕ, ಯಾರೋ ಬೀಗರ ಬಾಯಿಲಿ ಗೊತ್ತಾಯ್ತು. ತಮ್ಮ ಒಂದು ಫೋನು ಹಚ್ಚಲಿಲ್ಲ. ಅಂದಿನಿಂದ ನಾ ಹೋಗಿಲ್ಲ, ಅಂವಾ ಕರದಿಲ್ಲ."

ಹಿಂದೆ ಕೂತಿದ್ದ ಮೀನಲ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಕೇಳುತ್ತಿದ್ದಳು. ರಂಭಾಬಾಯಿಯೇ, "ನಡೀರಿ, ನಿಮ್ಮ ಕೆಲಸ ನೋಡ್ರಿ," ಎಂದಳು.

ಯೋಗಿತಾ ಆ ಎರಡು ಪುಟವನ್ನು ಚೀಲಕ್ಕೆ ಹಾಕಿದಳು. ನೋಟ್‌ಬುಕ್ಕಿನ ಹೊಸ ಹಾಳೆಯ ಮೇಲೆ ಎರಡೇ ಸಾಲು ಬರೆದಳು, ಈ ಸಲ ಕನ್ನಡದಲ್ಲಿ. ಹೆಂಗಸು ಒಂದು ಬೋರಿ ಗಿಡದ, ಅಂದರೆ ಎಲಚಿಯ, ಬಗ್ಗೆ ಕೇಳುತ್ತಾಳೆ. ಚಾಲಕ, ರಸ್ತೆ ಅಗಲ ಮಾಡುವಾಗ ಕಡಿದರು ಎನ್ನುತ್ತಾನೆ. ಅಷ್ಟೇ. ಚಾಲಕನ ಮಾತು ಭೀಮಶಾನೇ ಆಡುವುದು. ಅವನು ಅದನ್ನು ಹತ್ತು ಸಲ ಹೇಳಿ ನೋಡಿ, ಹತ್ತು ಸಲವೂ ಬೇರೆ ಬೇರೆ ರೀತಿ ಹೇಳಿದ.

ಇನ್ನು ಮಾಡಬೇಕಾದದ್ದು ಕೈಕೆಲಸ. ಅಲುಗಾಟ ತಪ್ಪಿಸಲು ಭೀಮಶಾ ಸೀಟಿನ ಕೆಳಗಿನ ಗೋಣಿಚೀಲ ತೆಗೆದುಕೊಟ್ಟ. ನಿಲೇಶ ಪಕ್ಕದ ಹೊಲದಲ್ಲಿ ರಾಶಿಯಾಗಿ ಬಿದ್ದಿದ್ದ ತೊಗರಿ ಹೊಟ್ಟನ್ನು ಅದಕ್ಕೆ ತುಂಬಿ, ಬಾಯಿ ಕಟ್ಟಿ, ಅದರ ಮೇಲೆ ಕ್ಯಾಮೆರಾ ಕೂರಿಸಿದ. ಹೊಟ್ಟು ಅಲುಗಾಟವನ್ನೆಲ್ಲ ನುಂಗಿತು. ಮೈಕಿಗೆ ಗಾಳಿ ಬಡಿದು ಬುಸುಬುಸು ಅನ್ನುತ್ತಿತ್ತು. ಮೀನಲ ತನ್ನ ಉಣ್ಣೆಯ ಟೋಪಿಯ ನೆತ್ತಿಯ ಮೇಲಿದ್ದ ಗೊಂಡೆಯನ್ನು ಒಂದೇ ಸಲಕ್ಕೆ ಕಿತ್ತು, ನಡುವೆ ತೂತು ಮಾಡಿ, ಆ ಪುಟ್ಟ ಮೈಕನ್ನು ಅದರೊಳಗೆ ತೂರಿಸಿದಳು. ರಂಭಾಬಾಯಿಯ ಸೆರಗಿನ ಮಡಿಕೆಯಲ್ಲಿ ಅದು ಅಡಗಿ ಕೂತಿತು.

"ನನ್ನ ಎದಿ ಬಡಿಯೋದೂ ಕೇಳಸ್ತದೇನ ಇದಕ?" ಎಂದು ಆಕೆ ಕೇಳಿದಳು.

ಮೀನಲ ಕನ್ನಡದಲ್ಲಿ, ತಡೆದು ತಡೆದು, "ಕೇಳಸ್ತದ ಮಾವಶಿ," ಎಂದಳು. ಅದು ಅವಳು ಎಲ್ಲರ ಎದುರು ಆಡಿದ ಮೊದಲ ಕನ್ನಡ ಮಾತು.

ಮೊದಲ ಟೇಕು ಹನ್ನೆರಡೂವರೆಗೆ. ಗಾಡಿ ಉರುಳಿತು. ರಂಭಾಬಾಯಿ ನೇರ ಕ್ಯಾಮೆರಾವನ್ನೇ ನೋಡುತ್ತ, ಫೋಟೋ ತೆಗೆಸಿಕೊಳ್ಳುವವರಂತೆ ಕತ್ತು ನೆಟ್ಟಗೆ ಮಾಡಿ ಕೂತಳು. ಎರಡನೆಯದರಲ್ಲಿ ಭೀಮಶಾ ತನ್ನ ಮಾತನ್ನು ಆಕೆ ಕೇಳುವ ಮೊದಲೇ ಹೇಳಿಬಿಟ್ಟ. ಮೂರನೆಯದು ಚೆನ್ನಾಗಿ ಹೊರಟಿತ್ತು. ಅಷ್ಟರಲ್ಲಿ ಹಳ್ಳದ ಆಚೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ಹಿಂದೆ ಎರಡು ಟ್ರಾಲಿ, ಮುಂದೆ ಎರಡು ಸ್ಪೀಕರ್. ಹಾಡು ಒಂದು ಮೈಲಿ ಮೊದಲೇ ಕೇಳುತ್ತಿತ್ತು. ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು. ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಖಾಲಿಯಾಗಿ ಹಿಂದಿರುಗುತ್ತಲೇ ಇರುತ್ತವೆ.

ನಾಲ್ಕನೆಯ ಮತ್ತು ಐದನೆಯ ಟೇಕೂ ಟ್ರ್ಯಾಕ್ಟರಿಗೇ ಹೋದವು. ಒಂದೂಮುಕ್ಕಾಲಾಯಿತು. ನಿಲೇಶ ಬ್ಯಾಟರಿ ಬದಲಿಸಿದ. ಇದ್ದದ್ದು ಎರಡೇ. ಎರಡನೆಯದನ್ನು ರಾತ್ರಿ ಚಾರ್ಜಿಗೆ ಇಟ್ಟಿದ್ದ, ಆದರೆ ಬೆಳಗಿನ ಜಾವ ಕರೆಂಟು ಹೋಗಿದ್ದರಿಂದ ಅದು ಪೂರ್ತಿ ತುಂಬಿರಲಿಲ್ಲ. ಆರನೆಯ ಟೇಕಿನಲ್ಲಿ ರಂಭಾಬಾಯಿ ಗಿಡದ ಹೆಸರು ಮರೆತಳು. ಏಳನೆಯದರಲ್ಲಿ ನಾಯಿಯೊಂದು ಗಾಡಿಯ ಹಿಂದೆ ಬೊಗಳುತ್ತ ಓಡಿತು.

ಎಂಟನೆಯದಕ್ಕೆ ಗಾಡಿ ಮೇಲೆ ಬಂದಾಗ ಮತ್ತೊಂದು ಟ್ರ್ಯಾಕ್ಟರು ಎದುರಿಗೇ ನಿಂತಿತ್ತು. ಅದರ ಚಾಲಕ ಕೆಳಗಿಳಿದು, ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದ. ಸಂಜುಕುಮಾರ ಎಂದು ಭೀಮಶಾ ಗುರುತು ಹಿಡಿದ, ಮುರುಮದ ಕಡೆಯವನು.

"ಏನ್ ಭೀಮಶಾ ಅಣ್ಣ, ನೀ ಹೀರೋ ಆಗೀದಿ?"

"ಹೀರೋ ಇಲ್ಲ ಗೀರೋ ಇಲ್ಲ. ಒಂದು ಮಾತು ಆಡೋದದ, ಅದೂ ನಿಮ್ಮ ಹಾಡಿನಾಗ ಮುಳಗಲತ್ತದ."

ಯೋಗಿತಾ ಮುಂದೆ ಬಂದಳು. ಎರಡೂಕಾಲು ದಾಟಿತ್ತು. ಅವಳು ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು; ಕೇಳಿದಳು. "ಅಣ್ಣಾ, ನಮಗ ನಲವತ್ತು ಸೆಕೆಂಡ್ ಸಾಕು. ಹಾಡು ಬಂದ್ ಮಾಡಿ, ಪೂಲಿನ ಆಚಿ ಕಡಿ ಗಾಡಿ ನಿಲ್ಲಸ್ತೀರೇನು? ಆ ಕಡಿಂದ ಯಾರರೆ ಬಂದ್ರ ಅವ್ರನ್ನೂ ಜರಾ ತಡೀರಿ."

ಸಂಜುಕುಮಾರ ಅವಳನ್ನು ನೋಡಿದ, ಗಾಡಿಯೊಳಗಿನ ರಂಭಾಬಾಯಿಯನ್ನು ನೋಡಿದ. "ಶರಣ್ರಿ ಅಕ್ಕಾ," ಎಂದ ರಂಭಾಬಾಯಿಗೆ. ಆಮೇಲೆ ಟ್ರ್ಯಾಕ್ಟರ್ ಹತ್ತಿ, ಹಾಡು ಆರಿಸಿ, ಎರಡು ಟ್ರಾಲಿಯ ಸಮೇತ ಇಳಿಜಾರಿನಲ್ಲಿ ಮುಂದೆ ಹೋಗಿ ಸೇತುವೆ ದಾಟಿ, ರಸ್ತೆಗೆ ಅಡ್ಡವಾಗಿ ನಿಲ್ಲಿಸಿದ. ಮೇಲಿನ ತುದಿಯಲ್ಲಿ ಯೋಗಿತಾ ತಾನೇ ನಿಂತಳು. ಹಿಂದಿನಿಂದ ಬಂದ ಎರಡು ಮೋಟರ್‌ಸೈಕಲ್ಲು ಮತ್ತು ಒಂದು ಜೀಪನ್ನು ಕೈ ಅಡ್ಡ ಮಾಡಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಜೀಪಿನವನು ಬೈಯುತ್ತಾನೆಂದುಕೊಂಡಳು. ಅವನು ಎಂಜಿನ್ ಆರಿಸಿದ.

"ಬ್ಯಾಟರಿ ಒಂಬತ್ತು ಪರ್ಸೆಂಟ್," ಎಂದ ನಿಲೇಶ. "ಇದೊಂದೇ."

ಯೋಗಿತಾ ಓಡಿಹೋಗಿ ಗಾಡಿಯ ಬಾಗಿಲಲ್ಲಿ ಬಗ್ಗಿದಳು. "ಕಾಕು, ಗಿಡದ ಹೆಸರು ನೆನಪು ಬರದಿದ್ರ ಬಿಡ್ರಿ. ನೀವು ಹೊರಗ ನೋಡ್ಕೋತ ಹೋಗ್ರಿ ಸಾಕು," ಎಂದಳು.

ಗಾಡಿ ಉರುಳಿತು. ಯೋಗಿತಾಳಿಗೆ ಮೇಲಿನಿಂದ ಕಂಡದ್ದು ಗಾಡಿಯ ಹಿಂಭಾಗ ಮತ್ತು ಅದರ ಮುಚ್ಚಳದಾಚೆ ಮೀನಲಳ ಬಗ್ಗಿದ ತಲೆ ಮಾತ್ರ. ಮಾತು ಕೇಳಿಸಲಿಲ್ಲ. ಗಾಡಿ ಹಳ್ಳದ ಹತ್ತಿರ ನಿಂತಿತು. ಯಾರೂ ಇಳಿಯಲಿಲ್ಲ. ಕೈ ಮೇಲೆತ್ತಿ ಆಯಿತು ಎಂದು ತೋರಿಸಲಿಲ್ಲ. ಕೆಟ್ಟಿತು ಎಂದುಕೊಂಡು ಅವಳು ಇಳಿಜಾರಿನಲ್ಲಿ ಓಡಿದಳು.

ನಿಲೇಶ ಕ್ಯಾಮೆರಾದ ಮೇಲೆ ಕೈಯಿಟ್ಟು ಹಾಗೆಯೇ ಕೂತಿದ್ದ. ಮೀನಲಳ ಕಣ್ಣು ಕೆಂಪಾಗಿತ್ತು. ಅವಳು ಹೆಡ್‌ಫೋನನ್ನು ತೆಗೆದು ಯೋಗಿತಾಳ ಕಿವಿಗೆ ಇಟ್ಟಳು.

ಗಾಲಿಯ ಸದ್ದು. ಜೋಳದ ಗರಿ. ಎಲ್ಲೋ ಒಂದು ಹಕ್ಕಿ. ಆಮೇಲೆ ರಂಭಾಬಾಯಿಯ ಧ್ವನಿ, ಹತ್ತಿರ, ಕಿವಿಯಲ್ಲೇ ಆಡಿದಂತೆ.

"ಇಲ್ಲೊಂದು ಬೋರಿ ಗಿಡ ಇತ್ತಲ್ಲ?"

"ಕಡದ್ರು ಅಕ್ಕಾ," ಇದು ಭೀಮಶಾ. "ರಸ್ತಾ ಅಗಲ ಮಾಡಿದಾಗ."

"ಯಾವಾಗ?"

ಇದು ಬರೆದದ್ದಲ್ಲ. ಭೀಮಶಾ ತುಸು ತಡೆದಿದ್ದ. "ಆಯ್ತು, ಐದಾರು ವರ್ಷ."

ಬಹಳ ಹೊತ್ತು ಗಾಲಿಯ ಸದ್ದು ಮಾತ್ರ. ಆಮೇಲೆ ರಂಭಾಬಾಯಿ, ತನಗೇ ಹೇಳಿಕೊಂಡಂತೆ, ಅಂದಳು:

"ನಂಗ ಯಾರೂ ಹೇಳೇ ಇಲ್ಲ."

ಯೋಗಿತಾ ಹೆಡ್‌ಫೋನ್ ತೆಗೆದಳು. ರಂಭಾಬಾಯಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಸೆರಗಿನಲ್ಲಿದ್ದ ಉಣ್ಣೆಯ ಗೊಂಡೆಯನ್ನು ಹುಷಾರಾಗಿ ಬಿಡಿಸುತ್ತಿದ್ದಳು. "ತಪ್ಪಾಯ್ತೇನ? ಒಂದು ಮಾತು ಹೆಚ್ಚಾಯ್ತು ನಂದು," ಎಂದಳು.

"ಇಲ್ಲ ಕಾಕು," ಎಂದಳು ಯೋಗಿತಾ. ಬಗ್ಗಿ, ಗೊಂಡೆ ಬಿಡಿಸಲು ತಾನೂ ಕೈ ಕೊಟ್ಟಳು.

ಆಚೆ ದಡದಿಂದ ಸಂಜುಕುಮಾರ ಏನಾಯಿತೆಂದು ಕೈಯಲ್ಲೇ ಕೇಳಿದ. ನಿಲೇಶ ಎರಡೂ ಕೈ ಎತ್ತಿ ತೋರಿಸಿದ. ಟ್ರ್ಯಾಕ್ಟರಿನ ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಭೀಮಶಾ ಮೊಬೈಲು ನೋಡಿ, "ಎರಡು ನಲವತ್ತೆರಡು. ಇಳೀರಿ ನೀವೆಲ್ಲ. ಅಕ್ಕಾ, ನೀವು ಕೂಡ್ರಿ," ಎಂದ. ಮೂವರೂ ಸಾಮಾನು ಎತ್ತಿಕೊಂಡು ಇಳಿದರು. ಟಮ್‌ಟಮ್ ರಂಭಾಬಾಯಿಯನ್ನು ಕೂರಿಸಿಕೊಂಡು ಮುರುಮದ ಕಡೆ ಹೋಯಿತು. ಅವರು ಹೊಟ್ಟಿನ ಚೀಲವನ್ನು ಅದೇ ಹೊಲದಲ್ಲಿ ಸುರಿದು, ಬಿಸಿಲಲ್ಲಿ ನಡೆದುಕೊಂಡು ಊರಿಗೆ ಬಂದರು. ದಾರಿಯುದ್ದಕ್ಕೂ ಮೂವರೂ ಒಂದೇ ಮಾತನ್ನು ಮತ್ತೆ ಮತ್ತೆ ಆಡಿದರು: ಜೀಪಿನವನು ಎಂಜಿನ್ ಆರಿಸಿದನಲ್ಲ.

ಫೆಬ್ರುವರಿಯಲ್ಲಿ ಕಾಲೇಜಿನಲ್ಲಿ ಚಿತ್ರ ತೋರಿಸಿದರು. ಸರ್‌ಗೆ ಮೊದಲು ತಕರಾರಿತ್ತು. ಮನೆಯವರೆಲ್ಲ ಮರಾಠಿ ಆಡುತ್ತಾರೆ, ಆ ಮನೆಯ ಮಗಳು ಮಾತ್ರ ಕನ್ನಡ ಯಾಕೆ ಆಡುತ್ತಾಳೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಹೀಗೆಯೇ ಸರ್, ಎಂದಳು ಯೋಗಿತಾ. ಅಜ್ಜಿ ಕನ್ನಡದಲ್ಲಿ ಬೈಯುತ್ತಾಳೆ, ಅಪ್ಪ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ಅದು ಗೊತ್ತೇ ಆಗುವುದಿಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ ಮೂರ್ನಾಲ್ಕು ಜನ ನಕ್ಕರು. ಅವರ ಮನೆಗಳಲ್ಲೂ ಹಾಗೆಯೇ ಇದ್ದಿರಬೇಕು. ಸರ್, ಹಾಗಾದರೆ ಕೆಳಗೆ ಮರಾಠಿ ಅಕ್ಷರ ಹಾಕು ಎಂದರು. ಚಿತ್ರಕ್ಕೆ ಬಹುಮಾನವೇನೂ ಬರಲಿಲ್ಲ. ಮನೆಯ ದೃಶ್ಯಗಳು ಉದ್ದವಾದವು ಎಂದು ಎಲ್ಲರೂ ಹೇಳಿದರು, ಅದು ಅವಳಿಗೂ ಕಾಣುತ್ತಿತ್ತು. ಆದರೆ ಟಮ್‌ಟಮ್ಮಿನ ದೃಶ್ಯ ಮುಗಿದಾಗ ಕೋಣೆಯಲ್ಲಿ ಯಾರೂ ಕುರ್ಚಿ ಸರಿಸಲಿಲ್ಲ. ಸರ್ ದೀಪ ಹಾಕಲು ಸ್ವಲ್ಪ ತಡ ಮಾಡಿದರು.

ಮುಂದಿನ ರವಿವಾರ ಊರಿಗೆ ಬಂದಾಗ ಅವಳು ರಂಭಾಬಾಯಿಯ ಮನೆಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ರಂಭಾಬಾಯಿ ಕಡಲೆ ಹಸನು ಮಾಡುತ್ತಿದ್ದ ಮೊರವನ್ನು ಬದಿಗಿಟ್ಟು ಪೂರ್ತಿ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಚ್ಚು ಎಂದಳು. ಎರಡನೆಯ ಸಲ ನೋಡಿ, ಒಳಗೆ ಹೋಗಿ, ಹಳೆಯ ಡೈರಿಯೊಂದನ್ನು ತಂದಳು.

"ಇದರಾಗ ಒಂದು ನಂಬರ್ ಅದ. ಆ ನಂಬರಿಗೆ ಇದು ಕಳಸಲಾಕ ಬರ್ತದೇನ?"

"ಬರ್ತದ ಕಾಕು. ಯಾರದು?"

"ಸೂರ್ಯಕಾಂತಂದು. ನಮ್ಮ ತಮ್ಮಂದು."

ಯೋಗಿತಾ ನಂಬರನ್ನು ಒತ್ತಿದಳು. ಅದು ಇನ್ನೂ ಚಾಲ್ತಿಯಲ್ಲಿತ್ತು. ವಾಟ್ಸಪ್ಪಿನಲ್ಲಿ ಬಿಳಿ ಟೋಪಿ ಹಾಕಿದ, ಮೂಗು ರಂಭಾಬಾಯಿಯದೇ ಆದ ಗಂಡಸಿನ ಚಿತ್ರ ಬಂತು. "ಜೊತಿಗಿ ಏನರೆ ಬರೀಲಿ?"

ರಂಭಾಬಾಯಿ ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು. "ಏನೂ ಬ್ಯಾಡ. ಅಷ್ಟೇ ಕಳಸು."

ಎರಡು ದಿನ ಏನೂ ಬರಲಿಲ್ಲ. ಯೋಗಿತಾ ಲಾತೂರಿಗೆ ಹಿಂದಿರುಗಿದಳು, ಪರೀಕ್ಷೆಯ ಓದಿಗೆ ಕೂತಳು. ಬುಧವಾರ ಮಧ್ಯಾಹ್ನ ಗ್ರಂಥಾಲಯದಲ್ಲಿದ್ದಾಗ ಫೋನು ಬಂತು. ಹೊರಗೆ ವರಾಂಡಾಕ್ಕೆ ಬಂದು ಎತ್ತಿದಳು.

"ನಾ ಜಳಕೋಟದಿಂದ ಮಾತಾಡ್ಲತ್ತೀನಿ," ಎಂದಿತು ಒಂದು ಗಡಸು ಧ್ವನಿ. "ಆ ಸಿನಿಮಾ ನೀ ಕಳಿಸಿದ್ದೇನವಾ?"

"ಹೌದ್ರಿ ಮಾಮಾ. ಕಾಕುನೇ ಕಳಸಂದಿದ್ರು."

ಅವನ ಹಿಂದೆ ಎಲ್ಲೋ ಎಮ್ಮೆ ಕೂಗಿತು.

"ಅವ್ವ ಸತ್ತ ದಿನ ಫೋನು ಹಚ್ಚಿದ್ದೆ," ಎಂದ ಅವನು. "ಹತ್ತಲಿಲ್ಲ. ಮಂದಿ ಕೂಡ್ಯಾರ, ಹೆಣ ಅಂಗಳದಾಗ ಅದ. ಇನ್ನೊಂದ್ಸಲ ಹಚ್ಚಬೇಕಾಗಿತ್ತು. ಆಮ್ಯಾಲ ಆಕಿ ಸಿಟ್ಟಾಗ್ಯಾಳ ಅಂತ ಕೇಳಿದೆ. ನಂಗೂ ಸಿಟ್ಟು ಬಂತು, ಕೇಳದೇ ಹ್ಯಾಂಗ ಸಿಟ್ಟಾದಳು ಅಂತ." ಆಮೇಲೆ ಧ್ವನಿ ತಗ್ಗಿಸಿದ. "ಬಾಳ ಸೊರಗ್ಯಾಳ ಆಕಿ."

"ಆರಾಮ ಅದಾರ್ರಿ. ಬಿಪಿ ಒಂದದ ಅಷ್ಟೇ."

"ಬಿಪಿ ನಂಗೂ ಅದ," ಎಂದ ಸೂರ್ಯಕಾಂತ. ಆಮೇಲೆ ಕೇಳಿದ, "ಮನ್ಯಾಗ ಯಾವಾಗ ಸಿಗ್ತಾಳವಾ? ಹೊಲಕ ಹೋಗ್ತಿರಬೇಕು. ನಾ ಬಂದು ಬಾಗಲಿಗಿ ಕೀಲಿ ನೋಡಿ ಹೊಳ್ಳಿ ಬರೂದು ಆಗಬಾರದು."

ಯೋಗಿತಾ ವರಾಂಡಾದ ಕಟ್ಟೆಯ ಮೇಲೆ ಕೂತಳು. "ಸೋಮವಾರ ಹೊಲಕ ಹೋಗಲ್ಲರಿ ಮಾಮಾ. ಉಪಾಸ ಇರ್ತಾರ. ದಿನಾ ಪೂರ್ತಿ ಮನ್ಯಾಗೇ ಇರ್ತಾರ."

"ಸೋಮವಾರ," ಎಂದು ಅವನು ಮೆಲ್ಲಗೆ ಹೇಳಿದ. ಫೋನಿನಿಂದ ಮುಖ ತಿರುಗಿಸಿ ಮನೆಯೊಳಗೆ ಯಾರಿಗೋ, "ಏ, ಸೋಮವಾರ ಮುಂಜಾನಿ ದಾಳಿಂಬಕ ಹೋಗಲಾಕ ನಿಲಂಗಾದ ಬಸ್ಸು ಎಷ್ಟಕ್ಕದ ನೋಡು," ಎಂದು ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.